ವಾಪಸ್ ಬಂದ ಗಂಧದಕಡ್ಡಿ

ನಾನು ಆರು ತಿಂಗಳು ಕೂತು ಮಾಡಿದ ಕೆಲಸ ಬೇಡವೆಂದು ಇವತ್ತು ಆಫೀಸಿನಲ್ಲಿ ಹೇಳಿದಾಗ, ಅಲ್ಲಿ ದೇವರ ಪಟಕ್ಕೆ ಹಚ್ಚಿದ್ದ ಗಂಧದಕಡ್ಡಿಯ ವಾಸನೆಗೆ ರಾಜೀವನಗರದ ನಮ್ಮ ಹಳೆ ಮನೆ ನೆನಪಾಯಿತು.

ಅಮ್ಮ ಮನೆಯಲ್ಲೇ ಗಂಧದಕಡ್ಡಿ ಹೊಸೆಯುತ್ತಿದ್ದಳು. ಒಂದು ಮಧ್ಯಾಹ್ನ ಮಾಲು ಒಯ್ಯಲು ಬಂದವರು, "ದಪ್ಪ ಆಗ್ಬುಟ್ಟವೆ ಕಣಮ್ಮ, ನಡೆಯಲ್ಲ" ಎಂದು ಎರಡು ದಿನದ ಕಟ್ಟುಗಳನ್ನೆಲ್ಲ ಬಾಗಿಲಲ್ಲೇ ಬಿಟ್ಟುಹೋದರು. ಅಮ್ಮ ಉಗುರಿನ ಸಂದಿಗೆ ಮೆತ್ತಿದ್ದ ಕಡ್ಡಿಯ ಕರಿ ಮಸಾಲೆ ಹೋಗುವಂತೆ ಕೈ ತೊಳೆದಳು, ಅನ್ನ ಉಂಡಳು, ಚಾಪೆ ಹಾಸಿ ಮಲಗಿಬಿಟ್ಟಳು.

ನನಗೆ ಅಳುವೇ ಬಂತು. "ಈಗ್ಲೇ ಬೇರೆ ಮಾಡ್ಬಾರ್ದಾ?" ಎಂದೆ.

"ಸಿಟ್ಟಲ್ಲಿ ಹೊಸೆದ್ರೆ ಇನ್ನೂ ದಪ್ಪ ಆಯ್ತವೆ ಕಣೇ. ಮೊದ್ಲು ಕೈ ಸಮಾಧಾನ ಆಗ್ಲಿ ಬುಡು."

ಬಿಸಿಲು ಹೊಸ್ತಿಲು ದಾಟಿದ ಮೇಲೆ ಎದ್ದು ಕಡ್ಡಿ ಹೊಸೆಯುವ ಮಣೆ ಎಳೆದುಕೊಂಡಳು. ಹೊಸೆದ ಮೊದಲ ಕಡ್ಡಿಯನ್ನು ನನ್ನ ಅಂಗೈ ಮೇಲಿಟ್ಟು, "ಎಂಗದೆ?" ಎಂದಳು. ಸಣ್ಣಗೆ, ನೆಟ್ಟಗಿತ್ತು.

ನಾನು ಇನ್ನೊಂದು ಬಿದಿರುಕಡ್ಡಿ ಎತ್ತಿಕೊಟ್ಟೆ.