ಕುಟ್ಟಿ ನೋಡದ ಹೆಜ್ಜೆ

ಹೆಪ್ಪುಗಟ್ಟಿದ ಸರೋವರ ಕಾಲಡಿಯಲ್ಲಿ ನರಳಿತು. ಶಾಂಟೆಲ್ ನಿಂತಲ್ಲೇ ಕಲ್ಲಾದಳು. ಹನ್ನೆರಡು ವರ್ಷ ದೇಶಕ್ಕಾಗಿ ಐಸ್ ಹಾಕಿ ಆಡಿ, ತನ್ನ ಮೂಲನಿವಾಸಿ ಕ್ರೀ ಜನರ ಊರಿಗೆ ಮೊನ್ನೆಯಷ್ಟೇ ಮರಳಿದ್ದಳು. ನಾಳೆಯಿಂದ ಮಕ್ಕಳಿಗೆ ಆಟ ಕಲಿಸಬೇಕಾದವಳು ಇವತ್ತು, ಹಳ್ಳ ಬಂದು ಸೇರಿ ಮಂಜುಗಡ್ಡೆ ತೆಳುವಾಗುವ ಕಡೆಗೆ ಜಾರಿಹೋದ ಪಕ್‌ನ, ಆ ಆಟದ ರಬ್ಬರ್ ಬಿಲ್ಲೆಯ, ಬೆನ್ನು ಹತ್ತಿ, ಗಟ್ಟಿಯಿದೆಯೇ ಎಂದು ಕುಟ್ಟಿ ನೋಡದೆ ನುಗ್ಗಿದ್ದಳು.

"ಅಲ್ಲಾಡಬೇಡ," ದಡದಿಂದ ಅಜ್ಜಿ ಒಡೀಲ್ ಹೇಳಿದಳು. "ಮೆಲ್ಲಗೆ ಹೊಟ್ಟೆ ಮೇಲೆ ಮಲಕ್ಕೋ. ಕೈಲಿರೋ ಹಾಕಿ ಕೋಲಿಂದ ಕುಟ್ಟು. ಏನನ್ನತ್ತೆ?"

ಶಾಂಟೆಲ್ ಕುಟ್ಟಿದಳು. "ಗೊತ್ತಾಗ್ತಿಲ್ಲ ಅಜ್ಜಿ."

"ಐದು ವರ್ಷದವಳಿದ್ದಾಗ ಗೊತ್ತಾಗ್ತಿತ್ತಲ್ಲೇ." ಅಜ್ಜಿ ದಡಕ್ಕಂಟಿದ ಮಂಜುಗಡ್ಡೆಯನ್ನು ಊರುಗೋಲಿನಿಂದ ಕುಟ್ಟಿದಳು. "ಇದು ಗಟ್ಟಿ. ನಿಂದು ಪೊಳ್ಳು. ಇಂಥದ್ದೇ ಸದ್ದು ಬರೋವರೆಗೂ ಬಂದ ದಾರೀಲೇ ಹಿಂದಕ್ಕೆ ತೆವಳು."

ಶಾಂಟೆಲ್ ತೆವಳಿದಳು, ಕುಟ್ಟಿದಳು, ಮತ್ತೆ ತೆವಳಿದಳು. ಕೈಗವಸಿನ ಕೆಳಗೆ ನೀರು ಜಿನುಗಿತು. ಪ್ರತಿ ಸಲವೂ ದಡದ ಊರುಗೋಲು ಉತ್ತರ ಕೊಡುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಎರಡೂ ಸದ್ದು ಒಂದಾದವು.

ಅವಳು ದಡ ಸೇರಿದಾಗ ಅಜ್ಜಿ ಅಪ್ಪಿಕೊಳ್ಳಲಿಲ್ಲ, ಬೈಯಲೂ ಇಲ್ಲ. ಊರುಗೋಲನ್ನು ಅವಳ ಕೈಗಿತ್ತಳು.

"ನಾಳೆ ಮಕ್ಕಳ ಹಿಂದೆ ನಡಿ, ಮುಂದೆ ಬೇಡ," ಎಂದಳು. "ಅವರಿಗೆ ಕುಟ್ಟೋದು ಗೊತ್ತು."