ಗಾಳಿಯ ಪಾಳಿ

ತಿಕೋಟಾದ ಹಳೆಯ ಗುಮ್ಮಟದ ಮುಂದೆ ಸೈಕಲ್ ಯಾತ್ರೆಯಲ್ಲಿ ಮೊದಲು ಬಂದವನೆಂದು ಊರವರು ಹೊದಿಸಿದ ಶಾಲಿನಿಂದ ಪ್ರತಾಪ ಕುತ್ತಿಗೆಯ ಬೆವರು ಒರೆಸಿಕೊಂಡ, ಮೂಗನ್ನೂ ಒರೆಸಿಕೊಂಡ. ಆಮೇಲೆ ಅದನ್ನೇ ಸುಮಂಗಲಾಳ ಹೆಗಲಿಗೆ ಹಾಕಿ, “ನೀನೂ ನನ್ನ ಹಿಂದ ಚಲೋನ ಬಂದಿ ತಂಗಿ,” ಎಂದ.

ವಿಜಯಪುರದಿಂದ ಇಲ್ಲಿಯವರೆಗೆ ಎದುರುಗಾಳಿಗೆ ಎದೆಯೊಡ್ಡಿ ಸೈಕಲ್ ತುಳಿದವಳು ಅವಳು. ಮುಂದಿನವರು ದಣಿದರೆ ಹಿಂದಿನವರು ಮುಂದೆ ಬಂದು ಗಾಳಿ ತಡೆಯಬೇಕು. ಸೈಕಲ್ ಸವಾರರ ಪಾಳಿ ಅದು. ಈ ಮನುಷ್ಯ ಅವಳ ಹಿಂದಿನ ಗಾಲಿಗೆ ಉಣ್ಣಿಯಂತೆ ಅಂಟಿಕೊಂಡು ಬಂದು, ಊರಿನ ಕಮಾನು ಕಂಡದ್ದೇ ಮುಂದೆ ಹಾರಿದ್ದ.

ಶಾಲನ್ನು ಎರಡೇ ಬೆರಳಲ್ಲಿ ಎತ್ತಿ ಅವನ ಹ್ಯಾಂಡಲ್ಲಿಗೆ ನೇತುಹಾಕಿ ಅವಳು ಕನಮಡಿಯ ದಾರಿ ಹಿಡಿದಳು. ದ್ರಾಕ್ಷಿ ತೋಟಗಳ ನಡುವಿನ ರಸ್ತೆಯಲ್ಲಿ ಒಂದು ಗಾಡಿಯೂ ಇರಲಿಲ್ಲ, ಗಾಳಿ ಮಾತ್ರ ಇತ್ತು. ಬೆನ್ನ ಹಿಂದೆ ಮತ್ತೆ ಅವನ ಏದುಸಿರು ಕೇಳಿಸಿತು. ಅವಳು ಪಕ್ಕಕ್ಕೆ ಸರಿದಳು.

“ಮುಂದ ಬರ್ರಿ ಅಣ್ಣಾರ, ಈಗ ನಿಮ್ಮ ಪಾಳಿ.”

“ನೀ ನಡಿ ತಂಗಿ, ನಾ ಬರ್ತೇನಿ.”

ಅವಳು ತುಳಿಯುವುದನ್ನು ನಿಲ್ಲಿಸಿದಳು. ಅವನೂ ನಿಲ್ಲಿಸಿದ. ಅವಳು ನೆಲಕ್ಕೆ ಕಾಲೂರಿದಳು. ಆ ಖಾಲಿ ರಸ್ತೆಯಲ್ಲಿ, ಕೊರಳಿಗೆ ಅದೇ ಶಾಲು ಸುತ್ತಿಕೊಂಡು, ಅವನೂ ಅವಳ ಹಿಂದೆಯೇ ಕಾಲೂರಿ ನಿಂತ.