ಹಿಟ್ಟು ಬಿದ್ದದ್ದು

ಒಂದು ಗಳಿಗೆ ನಿಂತು ಇದನ್ನು ಕೇಳಿಬಿಡಿ, ಆಮೇಲೆ ನಿಮ್ಮನ್ನೇ ಒಂದು ಮಾತು ಕೇಳುವುದಿದೆ. ಬೆಟ್ಟದಪುರದ ಪಕ್ಕದ ಹಳ್ಳಿ. ಸುಟ್ಟಗಾಯ ಆದವರನ್ನು ಹುಡುಕಿ ಆಸ್ಪತ್ರೆಗೆ ಕಳಿಸುವುದು, ಇನ್ನೊಮ್ಮೆ ಹಾಗಾಗದಂತೆ ನೋಡಿಕೊಳ್ಳುವುದು ಪೂಜಾಳ ಕೆಲಸ. ಬೆಳಗಿನಿಂದ ಊರೆಲ್ಲ ಸುತ್ತಿದ್ದಾಳೆ, ಒಬ್ಬರೂ ಸಿಕ್ಕಿಲ್ಲ. ಸುನಂದಮ್ಮನ ಜಗಲಿಯಲ್ಲೂ ಅದೇ ಪ್ರಶ್ನೆ.

"ಅಜ್ಜಿ, ನಿಮ್ಮನೇಲಿ ಯಾರಾದ್ರೂ ಸುಟ್ಕೊಂಡಿದ್ದಾರಾ?"

"ಬುಡ್ತು ಅನ್ನು! ಮೊದ್ಲು ಬುಡ್ತು ಅನ್ನು! ಬಾಳ್ವೆ ಮಾಡೋ ಅಟ್ಟೀಲಿ ಕೇಳೋ ಮಾತೇನವ್ವ ಇದು? ಸುಟ್ಕೊಳೋ ಅಂತಾದ್ದೇನ್ ಬಂದದೆ ನಮ್ಗೆ?"

"ಬುಡ್ತು," ಅಂದಳು ಪೂಜಾ.

ಅಷ್ಟರಲ್ಲಿ ಸೊಸೆ ರಮ್ಯ ಮಜ್ಜಿಗೆ ತಂದಳು. ಅವಳ ಸೆರಗು ಹಿಡಿದು ಬಂದ ನಾಲ್ಕು ವರ್ಷದ ಮಗಳು ಚಿನ್ನುವಿನ ಎರಡು ಬೆರಳು ಒಂದಕ್ಕೊಂದು ಅಂಟಿ, ಅಂಗೈಗೆ ಮಡಚಿಕೊಂಡಿದ್ದವು.

"ಮತ್ತೆ ಇದೇನಜ್ಜಿ?"

"ಅದಾ? ಅದು ಸುಟ್ಟಿದ್ದಲ್ಲ ಕಣವ್ವ. ಹಿಟ್ಟು ಬಿದ್ದದ್ದು."

ಆ ಕಡೆ ರಾಗಿಮುದ್ದೆಗೆ ಹಿಟ್ಟು ಎಂದೇ ಹೆಸರು. ಕುದಿಯುವ ಹಿಟ್ಟು ಮೈಮೇಲೆ ಬಿದ್ದರೆ ನೀರಿನ ಹಾಗೆ ಹರಿದುಹೋಗುವುದಿಲ್ಲ, ಹಿಡಿದುಕೊಳ್ಳುತ್ತದೆ. ಪೂಜಾ ಹಣೆ ಚಚ್ಚಿಕೊಂಡಳು. ಬೆಳಗಿನಿಂದ ಕೇಳಿದ ಪ್ರಶ್ನೆಯೇ ತಪ್ಪು!

"ಬೆರಳು ಬಿಡಿಸೋ ಡಾಕ್ಟ್ರಿದ್ದಾರೆ ಅಜ್ಜಿ, ನಾನೇ ಕರ್ಕೊಂಡೋಗ್ತೀನಿ. ಹೇಗಾಯ್ತು ಹೇಳಿ."

"ಎಂಗಾಯ್ತು ಅಂದ್ರೆ, ಇವ್ಳೇ ಹಿಟ್ಟು ತಿರುವ್ತಿದ್ಲು. ಗ್ಯಾನ ಫೋನ್ ಮ್ಯಾಲೆ! ನನ್ ಮಗ ಯತೀಶ ಇವತ್ಗೂ ಇವ್ಳ ಮಾತಾಡ್ಸಕಿಲ್ಲ." ಎಸರು ಮರಳುವ ಸದ್ದು ಕೇಳಿ ಸುನಂದಮ್ಮ ಒಳಗೆ ಹೋದಳು. ಚಿನ್ನುವೂ ಹಿಂದೆಯೇ ಓಡಿತು.

ರಮ್ಯ ಪೂಜಾಳನ್ನು ಬೀದಿಯವರೆಗೆ ಕರೆತಂದಳು. "ಮೇಡಂ, ನಾನವತ್ತು ಮನೇಲೇ ಇರ್ನಿಲ್ಲ. ಹೊಗೆಸೊಪ್ಪು ಒಣಗ್ಸೋ ಬ್ಯಾರನ್ ತಾವ ಸೊಪ್ಪು ಕಟ್ತಿದ್ದೆ. ಹಿಟ್ಟು ತಿರುವ್ತಿದ್ದೋರು ಅತ್ತೆ, ಅವ್ರಿಗೆ ಕಣ್ಣು ಮಂಜಾಗದೆ. ಪಕ್ಕದಲ್ಲಿ ಚಿನ್ನು ನಿಂತಿದ್ದು ಕಾಣ್ನಿಲ್ಲ."

"ಮತ್ಯಾಕೆ ಸುಮ್ನಿದ್ದೀರಾ?"

"ಗೊತ್ತಾದ್ರೆ ಇವ್ರು ಅತ್ತೆಗೆ ಒಲೆ ಬುಡುಸ್ಬುಡ್ತಾರೆ. ಒಲೆ ಬುಡ್ಸುದ್ರೆ ಅವ್ರು ಮೂಲೆ ಸೇರ್ತಾರೆ ಮೇಡಂ. ಯಾರ್ಗೂ ಹೇಳ್ಬೇಡಿ, ನನ್ನಾಣೆ. ನಾನು ಚಿನ್ನೂನ ಒಲೆ ತಾವ್ಕೆ ಬುಡಕಿಲ್ಲ."

ತೆರೆದ ಬಾಗಿಲಲ್ಲಿ ಪೂಜಾಳಿಗೆ ಒಳಗಿನದೆಲ್ಲ ಕಾಣುತ್ತಿತ್ತು. ಇಳಿಸಿದ ಪಾತ್ರೆಯ ಮುಂದೆ ಕೂತ ಸುನಂದಮ್ಮ ನೆಲವೆಲ್ಲ ತಡವುತ್ತಿದ್ದಳು. "ಲೇ ರಮ್ಯ, ಹಿಟ್ಟು ತಿರುವೋ ಕೋಲೆಲ್ಲಿ ಮಡಗಿದ್ದೀಯೇ?" ಕೋಲು ಅವಳ ಮೊಣಕಾಲಿನ ಪಕ್ಕದಲ್ಲೇ ಇತ್ತು. ಪಾತ್ರೆಯ ಪಕ್ಕದಲ್ಲಿ ಚಿನ್ನು.

ರಮ್ಯ ಒಳಗೆ ಓಡಿದಳು. ಅದೇ ಹೊತ್ತಿಗೆ ಯತೀಶ ಬೈಕು ತಂದು ನಿಲ್ಲಿಸಿದ.

"ಏನ್ ಮೇಡಂ, ಮಗೀ ಕೈ ನೋಡುದ್ರಾ? ಎಂಗಾಯ್ತು ಅಂತ ಹೇಳುದ್ರಾ ನಮ್ಮೋರು?"

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?